ನಮ್ಮ ಬುತ್ತಿಗೆ ಶೇಂಗಾ ಬಂದ ಇತಿಹಾಸ



ನಮ್ಮ ಸಂಘಕ್ಕೆ ೨೫ ವರ್ಷ ತುಂಬಿದ ಸಂತೋಷದಲ್ಲಿ ಈ ಸಂಚಿಕೆ ಹೊರಬರುತ್ತಿದೆ. ನಿರ್ದೇಶಕರೆಲ್ಲರೂ ಒಂದೊಂದು ಲೇಖನ ಕೊಡಲೇಬೇಕೆಂದು ಸಂಪಾದಕ ಮಂಡಳಿಯವರು ಗಂಟುಬಿದ್ದರು. ಸಾಲ, ಗೊಬ್ಬರ, ಬೀಜದ ಲೆಕ್ಕವೆಲ್ಲ ಕಾರ್ಯದರ್ಶಿಯವರ ವರದಿಯಲ್ಲಿ ಬರುತ್ತದೆ. ತೊಗರಿಯ ಬಗ್ಗೆ ಬರೆಯುವವರು ಬಹಳ ಮಂದಿ ಇದ್ದಾರೆ. ನಮ್ಮ ಕಲಬುರಗಿ ತೊಗರಿಗೆ ೨೦೧೯ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಅದರ ನೆರಳಲ್ಲಿ ಶೇಂಗಾವನ್ನು ಕೇಳುವವರು ಕಡಿಮೆ. ಆದ್ದರಿಂದ ನಾನು ಶೇಂಗಾ ಹಿಡಿದುಕೊಂಡೆ.

ಇದಕ್ಕೆ ಇನ್ನೊಂದು ಕಾರಣವೂ ಉಂಟು. ಪ್ರತಿ ವರ್ಷ ರಾಶಿ ಆದಮೇಲೆ ನಮ್ಮಲ್ಲಿ ಒಂದು ಪದ್ಧತಿ ನಡೆದುಬಂದಿದೆ. ದುಂಡನೆ ತುಂಬಿದ ಕಾಯಿ ಚೀಲಕ್ಕೆ ಹೋಗುತ್ತದೆ, ಚೀಲ ಅಡತಿಗೆ ಹೋಗುತ್ತದೆ. ಸುಕ್ಕಿದ್ದು, ಒಡೆದದ್ದು, ಬಣ್ಣಗೆಟ್ಟದ್ದು ಮನೆಗೆ. "ಛಲೋದು ಮಾರಬೇಕು, ಉಳದದ್ದು ನಾವು ತಿನ್ನಬೇಕು" ಅಂತ ನಮ್ಮ ತಂದೆಯವರೂ ಹೇಳುತ್ತಿದ್ದರು, ನಾನೂ ಹಾಗೇ ಮಾಡಿದೆ. ಈ ಪದ್ಧತಿಯಲ್ಲಿ ಲಾಭವೆಷ್ಟು, ಅಪಾಯವೆಷ್ಟು ಅನ್ನುವುದು ನನಗೆ ತಡವಾಗಿ ತಿಳಿಯಿತು. ಅಲ್ಲಿಗೆ ಬರುವ ಮುಂಚೆ ಶೇಂಗಾ ನಮ್ಮ ಕಡೆ ಬಂದದ್ದು ಹೇಗೆ ಎಂಬುದನ್ನು ನೋಡೋಣ.

ಸೇಡಂ ತಾಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತು ಎಂಬುದು ಶಾಲೆಗೆ ಹೋದವರಿಗೆಲ್ಲ ಗೊತ್ತು. ಅಲ್ಲಿಂದ ಅಮೋಘವರ್ಷ ನೃಪತುಂಗ ೮೧೪ರಿಂದ ೮೭೮ರ ತನಕ ಆಳಿದ. ಅಷ್ಟು ದೊಡ್ಡ ಅರಸನ ಅಡಿಗೆಮನೆಯಲ್ಲಿ ಶೇಂಗಾ ಹಿಂಡಿ ಇದ್ದಿಲ್ಲ! ಇವತ್ತು ಬಡವರ ಬುತ್ತಿಯಲ್ಲಿ ಇರುವ ಪದಾರ್ಥ ಅವನಿಗೆ ಸಿಗಲಿಲ್ಲ. ಯಾಕಂದರೆ ಶೇಂಗಾವೂ ಒಣಮೆಣಸಿನಕಾಯಿಯೂ ನಮ್ಮ ದೇಶದವಲ್ಲ. ಎರಡೂ ಅಮೆರಿಕಾ ಖಂಡದಿಂದ ಬಂದವು. ಶೇಂಗಾದ ತವರು ದಕ್ಷಿಣ ಅಮೆರಿಕದಲ್ಲಿ ಬೊಲಿವಿಯಾ, ಅರ್ಜೆಂಟೀನಾ ದೇಶಗಳ ಸೀಮೆ. ಸ್ಪೇನ್, ಪೋರ್ಚುಗಲ್ ದೇಶದ ಹಡಗಿನವರು ೧೬ನೆಯ ಶತಮಾನದಿಂದ ಈಚೆಗೆ ಅದನ್ನು ಆಫ್ರಿಕಾಕ್ಕೂ ಏಷ್ಯಾಕ್ಕೂ ಒಯ್ದರು. ಬಸವಾದಿ ಶರಣರ ಕಾಲದ ದಾಸೋಹದಲ್ಲಿಯೂ ಶೇಂಗಾ ಇರಲು ಸಾಧ್ಯವಿಲ್ಲ ಅಂದಹಾಗಾಯಿತು. ನಮ್ಮ ಎಳ್ಳಮಾವಾಸ್ಯೆ ಸನಾತನ ಹಬ್ಬ, ಆದರೆ ಆ ದಿನದ ಶೇಂಗಾ ಹೋಳಿಗೆ ಹೊಸದು.

ಹೆಸರು ನೋಡಿದರೂ ಇದು ಹೊರಗಿನ ಬೆಳೆ ಅನ್ನುವುದು ತಿಳಿಯುತ್ತದೆ. ನಾವು ಅನ್ನುವ ಶೇಂಗಾ ಮರಾಠಿಯ ಮಾತು, ಅಲ್ಲಿ ಹಾಗಂದರೆ ಕಾಯಿಗಳು ಅಂತ ಅರ್ಥ. ತಾಂಡೂರಿನ ಕಡೆಯವರು ಪಲ್ಲಿ ಅನ್ನುತ್ತಾರೆ. ಮೈಸೂರು, ಬೆಂಗಳೂರಿನವರಿಗೆ ಅದು ಕಡಲೆಕಾಯಿ, ಮಂಗಳೂರಿನವರಿಗೆ ನೆಲಗಡಲೆ. ಮೊದಲೇ ಇದ್ದ ಕಡಲೆಯ ಹೆಸರನ್ನು ಹೊಸದಕ್ಕೆ ಹಚ್ಚಿದ್ದಾರೆ. ಜೋಳಕ್ಕೂ ತೊಗರಿಗೂ ಹೀಗೆ ಬೇರೆಯವರ ಹೆಸರು ಎರವಲು ಪಡೆಯುವ ಗತಿ ಬಂದಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಮದ್ರಾಸ್ ಪ್ರಾಂತದ ಶೇಂಗಾ ಪಾಂಡಿಚೇರಿಯಿಂದ ಹಡಗು ಹತ್ತಿ ಫ್ರಾನ್ಸಿನ ಮಾರ್ಸೇಲ್ಸ್ ಬಂದರಕ್ಕೆ, ಅಲ್ಲಿನ ಎಣ್ಣೆ ಗಿರಣಿಗೂ ಸಾಬೂನು ಕಾರ್ಖಾನೆಗೂ ಹೋಗುತ್ತಿತ್ತು. ಅಂದರೆ ಇದು ಹೆಚ್ಚಾಗಿ ಬೆಳೆದದ್ದು ನಮ್ಮವರ ಹೊಟ್ಟೆಗಲ್ಲ, ವ್ಯಾಪಾರಕ್ಕೆ. ಛಲೋದು ಮಾರುವ ಪದ್ಧತಿ ಅಷ್ಟು ಹಳೆಯದು ನೋಡಿರಿ. ನಮ್ಮ ಸೀಮೆ ಆಗ ನಿಜಾಮರ ರಾಜ್ಯದೊಳಗೆ ಇತ್ತು. ೧೮೭೪ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಓಡಿತು. ವಾಡಿ ಜಂಕ್ಷನ್ ಆದಮೇಲೆ ಒಂದು ಕಡೆ ಸೊಲ್ಲಾಪುರ, ಮುಂಬಯಿ, ಇನ್ನೊಂದು ಕಡೆ ಗುಂತಕಲ್, ಮದ್ರಾಸು, ಮತ್ತೊಂದು ಕಡೆ ಹೈದರಾಬಾದು ಕೂಡಿದವು. ಮಾಲು ಮಾರಲಿಕ್ಕೂ ಹೊಸದು ತರಲಿಕ್ಕೂ ದಾರಿ ಆಯಿತು.

ಆದರೂ ನಮ್ಮ ಐದು ಕಡೆಯೂ, ಅಂದರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಯಲ್ಲಿ, ಶೇಂಗಾ ಎಂದೂ ಮೊದಲ ಬೆಳೆ ಆಗಲಿಲ್ಲ. ಎರೆ ಭೂಮಿಯಲ್ಲಿ ಕಾಯಿ ಕೀಳುವಾಗ ಮಣ್ಣು ಬಿಡುವುದಿಲ್ಲ, ಅರ್ಧ ಕಾಯಿ ನೆಲದಲ್ಲೇ ಉಳಿಯುತ್ತದೆ. ಈ ಬೆಳೆಯ ಹೂವು ಮೇಲೆ ಅರಳುತ್ತದೆ, ಆಮೇಲೆ ಅದರ ಬುಡದಿಂದ ಸೂಜಿಯಂಥ ಎಳೆ ಇಳಿದು ನೆಲ ಹೊಕ್ಕು ಒಳಗೆ ಕಾಯಿ ಕಟ್ಟುತ್ತದೆ. ಅದಕ್ಕೆ ಸಡಿಲ ಮಣ್ಣು ಬೇಕು. ಚಿಂಚೋಳಿ ಕಡೆಯ ಕೆಂಪು ಮಸಾರಿ ನೆಲ ಅದಕ್ಕೆ ಒಗ್ಗುತ್ತದೆ. ಎರೆಯವರಿಗೆ ತೊಗರಿ, ಜೋಳ, ಕುಸುಬಿಯೇ ಗತಿ. ನಮ್ಮ ಅಜ್ಜಿಯರ ಒಗ್ಗರಣೆಯೂ ಗಾಣದ ಕುಸುಬಿ ಎಣ್ಣೆಯದೇ.

ಈಗ ಆರೋಗ್ಯದ ಮಾತು. ಹೈದರಾಬಾದಿನ ಒಂದು ಕಥೆಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ನನಗೆ ಇದು ನಮ್ಮದೇ ಮನೆಯ ಕಥೆ ಅನ್ನಿಸಿತು.

ಕೂನೂರಿನಲ್ಲಿ ಇದ್ದ ಆಹಾರ ಸಂಶೋಧನಾ ಪ್ರಯೋಗಶಾಲೆ ೧೯೫೦ರ ದಶಕದ ಕೊನೆಗೆ ಹೈದರಾಬಾದಿಗೆ ಬಂತು. ೧೯೬೯ರಿಂದ ಅದಕ್ಕೆ ರಾಷ್ಟ್ರೀಯ ಪೌಷ್ಟಿಕ ಆಹಾರ ಸಂಸ್ಥೆ ಎಂದು ಹೆಸರು. ಅಲ್ಲಿನ ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್. ಜಿ. ಶ್ರೀಕಂಟಯ್ಯ ಅವರು ದಖ್ಖನ್ ಸೀಮೆಯ ಬಡ ಕೂಲಿಕಾರರಲ್ಲಿ ಒಂದು ರೋಗ ಕಂಡರು. ಬಿಸಿಲಿಗೆ ಬೀಳುವ ಕೈ, ಕಾಲು, ಕುತ್ತಿಗೆಯ ತೊಗಲು ಕಪ್ಪಾಗಿ ಹೊಪ್ಪಳಿಕೆ ಏಳುತ್ತದೆ. ಭೇದಿ ಹತ್ತುತ್ತದೆ. ಕೆಲವರಿಗೆ ಮನಸ್ಸು ಕೆಡುತ್ತದೆ, ಹುಚ್ಚು ಹಿಡಿದವರಂತೆ ಆಗುತ್ತಾರೆ. ಈ ರೋಗಕ್ಕೆ ಪೆಲಾಗ್ರ ಎಂದು ಹೆಸರು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಮೆಕ್ಕೆಜೋಳವನ್ನೇ ನಂಬಿದ ಬಡವರಿಗೆ ಅದು ಸಾವಿರಗಟ್ಟಲೆ ಬರುತ್ತಿತ್ತು. ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯ ೧೯೧೪ರಿಂದ ಶ್ರಮಪಟ್ಟು ಇದು ಅಂಟುರೋಗವಲ್ಲ, ಊಟದ ಕೊರತೆ ಎಂದು ತೋರಿಸಿಕೊಟ್ಟ. ೧೯೩೭ರಲ್ಲಿ ಎಲ್ವೆಯೆಮ್ ಎಂಬ ವಿಜ್ಞಾನಿ ಆ ಕೊರತೆಯ ಹೆಸರು ಹಿಡಿದ. ಅದು ನಿಯಾಸಿನ್ ಎಂಬ ಜೀವಸತ್ವ, ಬಿ ಗುಂಪಿಗೆ ಸೇರಿದ್ದು.

ಹೈದರಾಬಾದಿನವರಿಗೆ ಆಶ್ಚರ್ಯವಾದದ್ದು ಏನೆಂದರೆ ಇಲ್ಲಿನ ರೋಗಿಗಳು ಮೆಕ್ಕೆಜೋಳ ತಿಂದವರಲ್ಲ. ನಮ್ಮಂತೆ ಜೋಳ ತಿಂದವರು! ೧೯೬೦ರಲ್ಲಿ ಅವರು ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇದನ್ನು ಬರೆದರು. ಜೋಳದ ಸಸಾರಜನಕದಲ್ಲಿ ಲ್ಯೂಸಿನ್ ಎಂಬ ಅಂಶ ವಿಪರೀತ ಇದೆ, ಅದು ಮೈಯೊಳಗೆ ನಿಯಾಸಿನ್ ತಯಾರಾಗುವುದಕ್ಕೆ ಅಡ್ಡಿ ಮಾಡುತ್ತದೆ ಎಂಬುದು ಅವರ ವಾದ. ಮುಂದೆ ಈ ಲ್ಯೂಸಿನ್ ವಾದದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯ ಬಂತು. ಆದರೆ ಬರೀ ಜೋಳ ಉಂಡು, ಜೊತೆಗೆ ಬೇಳೆ, ಹಾಲು, ಕಾಳು ಏನೂ ಇಲ್ಲದವರಿಗೆ ರೋಗ ಬಂದದ್ದು ಸುಳ್ಳಲ್ಲ. ೧೯೫೬ರ ನವೆಂಬರ್ ೧ರ ತನಕ ನಮ್ಮ ಜಿಲ್ಲೆಯೂ ಹೈದರಾಬಾದ್ ರಾಜ್ಯದಲ್ಲೇ ಇತ್ತು, ಊಟವೂ ಅದೇ.

ಜೋಳದ ಮೇಲೆ ತಪ್ಪು ಹೊರಿಸುತ್ತಿದ್ದೇನೆ ಎಂದು ಯಾರೂ ತಿಳಿಯಬಾರದು. ರೊಟ್ಟಿ ತಿಂದೇ ನಮ್ಮ ಹಿರಿಯರು ಕಲ್ಲು ಗಣಿಯಲ್ಲಿ, ಹೊಲದಲ್ಲಿ ದುಡಿದಿದ್ದಾರೆ. ತಪ್ಪು ಇರುವುದು ಒಣ ರೊಟ್ಟಿ, ಉಪ್ಪು, ಖಾರದಲ್ಲೇ ದಿನ ಕಳೆಯುವ ಬಡತನದಲ್ಲಿ. ಹಾಗಿದ್ದಾಗ ಆ ಖಾರದ ಜೊತೆಗೆ ಹುರಿದ ಶೇಂಗಾ ಕುಟ್ಟಿ ಹಾಕಿದವರು ಯಾರೋ ಪುಣ್ಯಾತ್ಗಿತ್ತಿ! ೧೦೦ ಗ್ರಾಂ ಶೇಂಗಾ ಕಾಳಿನಲ್ಲಿ ಸುಮಾರು ೧೨ ಮಿಲಿಗ್ರಾಂ ನಿಯಾಸಿನ್ ಇರುತ್ತದೆ. ಒಂದು ಹಿಡಿ, ಅಂದರೆ ೩೦ ಗ್ರಾಂ ತಿಂದರೆ ದೊಡ್ಡವರಿಗೆ ಒಂದು ದಿನಕ್ಕೆ ಬೇಕಾದುದರ ಸುಮಾರು ಕಾಲುಭಾಗ ಬಂತು. ಹುರಿದರೂ ನಿಯಾಸಿನ್ ಹೆಚ್ಚು ನಾಶವಾಗುವುದಿಲ್ಲ. ವಾಡಿ, ಶಹಾಬಾದ ಕಡೆ ಪರಶಿ ಗಣಿಗೆ ಹೋಗುವವರ ಬುತ್ತಿ ಬಿಚ್ಚಿದರೆ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ. ಯಾವ ಡಾಕ್ಟರೂ ಬರೆದುಕೊಡದೆ ಬಂದ ಔಷಧಿ ಅದು.

ಉಳಿದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ೧೦೦ ಗ್ರಾಂ ಕಾಳಿನಲ್ಲಿ ಸಸಾರಜನಕ ಸುಮಾರು ೨೫ ಗ್ರಾಂ, ಎಣ್ಣೆಯ ಅಂಶ ೪೦ರಿಂದ ೫೦ ಗ್ರಾಂ, ಶಕ್ತಿ ೫೫೦ ಕ್ಯಾಲರಿಯ ಮೇಲೆ. ಬಾದಾಮಿಯಲ್ಲಿ ಸಸಾರಜನಕ ೨೧ ಗ್ರಾಂ ಮಾತ್ರ. ಹಾಗಿರುವಾಗ ಶೇಂಗಾಕ್ಕೆ 'ಬಡವರ ಬಾದಾಮಿ' ಅನ್ನುವುದು ಯಾಕೋ! ಬಾದಾಮಿಗೇ ಶ್ರೀಮಂತರ ಶೇಂಗಾ ಅಂದರೆ ನ್ಯಾಯ. ಗರ್ಭಿಣಿಯರಿಗೆ ಬೇಕಾದ ಫೋಲೇಟ್ ಜೀವಸತ್ವವೂ ಇದರಲ್ಲಿ ಚೆನ್ನಾಗಿದೆ. ಇದರ ಎಣ್ಣೆಯ ಬಹುಪಾಲು ಹೃದಯಕ್ಕೆ ಹಿತವಾದ ಜಾತಿಯದು. ಅಮೆರಿಕದಲ್ಲಿ ೩೧ ಸಾವಿರಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಗಮನಿಸಿ ೧೯೯೨ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಶೇಂಗಾ, ಬಾದಾಮಿಯಂಥ ಬೀಜಗಳನ್ನು ವಾರಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ತಿನ್ನುವವರಲ್ಲಿ ಹೃದಯಾಘಾತ ಅರ್ಧದಷ್ಟು ಕಡಿಮೆ ಕಂಡಿತು. ಆದರೆ ಅವರಲ್ಲಿ ಬಹಳ ಮಂದಿ ಬೀಡಿ, ಸಿಗರೇಟು ಮುಟ್ಟದವರು ಎಂಬುದನ್ನೂ ನೆನಪಿಡಬೇಕು.

ಅತಿ ಮಾಡಿ ಹೇಳುವುದು ಬೇಡ. ಶೇಂಗಾ ತಿಂದರೆ ಬೇಳೆ ಬೇಡ ಅಂತಲ್ಲ. ಲೈಸಿನ್ ಎಂಬ ಅಂಶ ಜೋಳದಲ್ಲಿ ಕಡಿಮೆ, ಶೇಂಗಾದಲ್ಲೂ ಅಷ್ಟಕ್ಕಷ್ಟೆ. ಅದನ್ನು ತುಂಬಿಕೊಡುವುದು ನಮ್ಮ ತೊಗರಿಯೇ. ರಕ್ತ ಕಡಿಮೆ ಇದ್ದ ಹೆಣ್ಣುಮಕ್ಕಳು ಶೇಂಗಾ ಬೆಲ್ಲ ತಿನ್ನುತ್ತೇವೆಂದು ಆಸ್ಪತ್ರೆಯ ಕಬ್ಬಿಣದ ಗುಳಿಗೆ ಬಿಡಬಾರದು. ಕೂತು ಕೆಲಸ ಮಾಡುವವರು ಬೊಗಸೆಗಟ್ಟಲೆ ತಿಂದರೆ ಮೈ ಬರುತ್ತದೆ. ಕೆಲವೇ ಕೆಲವರಿಗೆ ಶೇಂಗಾ ಮೈಗೆ ಆಗುವುದೇ ಇಲ್ಲ, ಬಾವು ಬಂದು ಉಸಿರು ಕಟ್ಟುತ್ತದೆ. ಅಂಥವರು ಮುಟ್ಟಲೇಬಾರದು. ಸಣ್ಣ ಮಕ್ಕಳಿಗೆ ಇಡೀ ಕಾಳು ಕೊಡಬೇಡಿರಿ, ಗಂಟಲಿಗೆ ಸಿಕ್ಕೀತು. ಕುಟ್ಟಿ ಕೊಡಿರಿ.

ಸರ್ಕಾರದವರೂ ವಿಜ್ಞಾನಿಗಳೂ ಶೇಂಗಾದ ಬೆಲೆ ಬೇಗನೆ ಅರಿತರು. ೧೯೫೦ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದವರು ಎಣ್ಣೆ ತೆಗೆದ ಶೇಂಗಾ ಹಿಟ್ಟು ಮುಕ್ಕಾಲು, ಕಡಲೆ ಹಿಟ್ಟು ಕಾಲು ಭಾಗ ಬೆರೆಸಿ, ಜೀವಸತ್ವ ಕೂಡಿಸಿ 'ಇಂಡಿಯನ್ ಮಲ್ಟಿಪರ್ಪಸ್ ಫುಡ್' ಎಂಬ ಹಿಟ್ಟು ಮಾಡಿದರು. ಶೇಂಗಾದ ಸಸಾರಜನಕವನ್ನು ಎಮ್ಮೆ ಹಾಲಿಗೆ ಬೆರೆಸಿ 'ಮಿಲ್ಟೋನ್' ಎಂಬ ಹಾಲನ್ನೂ ತಯಾರಿಸಿದರು. ಎಮ್ಮೆ ಕರೆಯುವ ನಮ್ಮಂಥವರಿಗೆ ಇದು ನಗೆ ತರಿಸಬಹುದು, ಆದರೆ ಹಾಲು ಸಿಗದ ಊರುಗಳ ಕೂಸುಗಳನ್ನು ಕಣ್ಮುಂದೆ ಇಟ್ಟುಕೊಂಡು ಮಾಡಿದ ಕೆಲಸ ಅದು. ಫ್ರಾನ್ಸಿನ ಡಾ. ಆಂದ್ರೆ ಬ್ರಿಯಾಂ ೧೯೯೦ರ ದಶಕದಲ್ಲಿ ಶೇಂಗಾ, ಹಾಲಿನ ಪುಡಿ, ಸಕ್ಕರೆ, ಎಣ್ಣೆ ಕೂಡಿಸಿ ಮಾಡಿದ ಮೆತ್ತನೆಯ ತಿನಿಸು ಆಫ್ರಿಕಾದ ಬರಗಾಲದಲ್ಲಿ ಎಷ್ಟೋ ಮಕ್ಕಳನ್ನು ಉಳಿಸಿತು.

ಇನ್ನು ಎಣ್ಣೆಯ ಕಾಲ. ನಮ್ಮ ರಾಜ್ಯದಲ್ಲಿ ೧೯೮೪ರಲ್ಲಿ ಎಣ್ಣೆಬೀಜ ಬೆಳೆಗಾರರ ಸಹಕಾರ ಮಹಾಮಂಡಳ ಹುಟ್ಟಿತು. ೧೯೮೬ರಲ್ಲಿ ಕೇಂದ್ರದ ಎಣ್ಣೆಬೀಜ ತಂತ್ರಜ್ಞಾನ ಮಿಷನ್ ಬಂತು. ೧೯೮೮ರಲ್ಲಿ ಹೈನು ಅಭಿವೃದ್ಧಿ ಮಂಡಳಿಯವರು 'ಧಾರಾ' ಎಣ್ಣೆ ಹೊರತಂದರು. ನಾನು ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ ಕಾಲ ಅದು, ಎಲ್ಲಿ ನೋಡಿದರೂ ಎಣ್ಣೆಬೀಜದ ಮಾತೇ. ತಿಂಡಿವನದಲ್ಲಿ ೧೯೪೦ರಲ್ಲಿ ಆರಿಸಿದ ಟಿ.ಎಂ.ವಿ.-೨ ತಳಿಯ ಮೇಲೆ ಜಳಗಾಂವದ ಜೆ.ಎಲ್.-೨೪ ಬಂತು. ಆಮೇಲೆ ಎಲೆಚುಕ್ಕೆ, ತುಕ್ಕು ರೋಗ ತಡೆಯುವ ಧಾರವಾಡದ ಜಿ.ಪಿ.ಬಿ.ಡಿ.-೪ ಬಂತು. ೧೯೯೪ರಿಂದ ಪಾಮೋಲಿನ್ ಎಣ್ಣೆ ಹೊರದೇಶದಿಂದ ತರಲು ಬಾಗಿಲು ತೆರೆದರು. ಅಗ್ಗದ ಎಣ್ಣೆ ಬಂದಮೇಲೆ ಶೇಂಗಾ ಎಣ್ಣೆ ಕೊಳ್ಳುವವರು ಕಡಿಮೆಯಾದರು. ಇದರಲ್ಲಿ ಸಹಕಾರಿಗಳ ತಪ್ಪು ಎಷ್ಟು, ನೀತಿಯ ತಪ್ಪು ಎಷ್ಟು ಎಂಬುದು ಬೇರೆಯೇ ಲೇಖನಕ್ಕೆ ವಸ್ತು.

ನಾನು ಮೊದಲು ಹೇಳಿದ ಸುಕ್ಕಿದ ಕಾಯಿಯ ಸಂಗತಿಗೆ ಈಗ ಬರುತ್ತೇನೆ.

೧೯೬೦ರಲ್ಲಿ ಇಂಗ್ಲೆಂಡಿನಲ್ಲಿ ಟರ್ಕಿ ಕೋಳಿಯ ಮರಿಗಳು ಒಮ್ಮೆಲೇ ಸಾಯತೊಡಗಿದವು. ಒಂದು ಲಕ್ಷಕ್ಕೂ ಮಿಕ್ಕಿ ಸತ್ತವು. ರೋಗ ಯಾವುದೆಂದು ತಿಳಿಯದೆ ಅದಕ್ಕೆ 'ಟರ್ಕಿ ಎಕ್ಸ್' ಎಂದು ಕರೆದರು. ಹುಡುಕುತ್ತಾ ಹೋದಾಗ ಸಿಕ್ಕಿಬಿದ್ದದ್ದು ಬ್ರೆಜಿಲ್ ದೇಶದಿಂದ ತರಿಸಿದ ಶೇಂಗಾ ಹಿಂಡಿ! (ನಮ್ಮಲ್ಲಿ ದನ ತಿನ್ನುವುದಕ್ಕೂ ನಾವು ತಿನ್ನುವುದಕ್ಕೂ ಹಿಂಡಿ ಅಂತಲೇ ಹೆಸರು. ಇಲ್ಲಿ ಹೇಳಿದ್ದು ಗಾಣದ ಹಿಂಡಿ.) ಆ ಹಿಂಡಿಗೆ ಹಸಿರು ಬೂಷ್ಟು ಬಂದಿತ್ತು. ಆ ಬೂಷ್ಟಿನ ಹೆಸರು ಆಸ್ಪರ್ಜಿಲಸ್ ಫ್ಲೇವಸ್. ಅದು ಉಗುಳುವ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಿಟ್ಟರು. ಅದು ಪಿತ್ತಜನಕಾಂಗವನ್ನು, ಅಂದರೆ ಲಿವರನ್ನು ಹಾಳುಮಾಡುತ್ತದೆ. ಸ್ವಲ್ಪ ಸ್ವಲ್ಪವೇ ವರ್ಷಗಟ್ಟಲೆ ಹೊಟ್ಟೆಗೆ ಹೋದರೆ ಲಿವರಿನ ಕ್ಯಾನ್ಸರಿಗೆ ಕಾರಣವಾಗುತ್ತದೆ. ನಮ್ಮ ದೇಶದಲ್ಲೇ ೧೯೭೪ರಲ್ಲಿ ಗುಜರಾತ, ರಾಜಸ್ಥಾನದ ಹಳ್ಳಿಗಳಲ್ಲಿ ಅಕಾಲ ಮಳೆಗೆ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ೧೦೬ ಮಂದಿ ತೀರಿಕೊಂಡರು.

ಈ ವಿಷ ಎಲ್ಲ ಕಾಳಿನಲ್ಲಿ ಸಮನಾಗಿ ಇರುವುದಿಲ್ಲ. ಸುಕ್ಕಿದ, ಒಡೆದ, ಹುಳ ಕಡಿದ, ಬಣ್ಣಗೆಟ್ಟ ಕಾಳಿನಲ್ಲೇ ಹೆಚ್ಚು ಸೇರಿಕೊಂಡಿರುತ್ತದೆ. ಕೊನೆಯ ತಿಂಗಳಲ್ಲಿ ಮಳೆ ಕೈಕೊಟ್ಟರೆ ಕಾಯಿ ನೆಲದೊಳಗೆ ಇರುವಾಗಲೇ ಬೂಷ್ಟು ಹೊಕ್ಕುತ್ತದೆ. ಹುರಿದರೆ ಪೂರ್ತಿ ಹೋಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಗಾಣಕ್ಕೆ ಹಾಕಿದರೆ ಬಹುಪಾಲು ಹಿಂಡಿಯಲ್ಲಿ ಉಳಿಯುತ್ತದೆ. ಆ ಹಿಂಡಿ ತಿಂದ ಎಮ್ಮೆಯ ಹಾಲಿನಲ್ಲೂ ಒಂದು ಪಾಲು ಇಳಿಯುತ್ತದೆ. ಅಂತರರಾಷ್ಟ್ರೀಯ ಕೋಡೆಕ್ಸ್ ನಿಯಮದ ಪ್ರಕಾರ ಸಂಸ್ಕರಣೆಗೆ ಹೋಗುವ ಒಂದು ಕೆ.ಜಿ. ಶೇಂಗಾದಲ್ಲಿ ಈ ವಿಷ ೧೫ ಮೈಕ್ರೋಗ್ರಾಂ ಮೀರಬಾರದು. ಒಂದು ಗ್ರಾಂ ಅನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರೋಗ್ರಾಂ, ಅಂಥ ಹದಿನೈದು ಪಾಲು. ಈಗ ಯೋಚಿಸಿರಿ. ಹೊರದೇಶದವನು ಬೇಡವೆಂದು ತೆಗೆಯುವ ಕಾಳನ್ನೇ ನಾವು ಆರಿಸಿ ಆರಿಸಿ ಮನೆಗೆ ಒಯ್ಯುತ್ತಿದ್ದೇವೆ.

೨೦೦೯ರ ಸೆಪ್ಟೆಂಬರ್ ಕೊನೆಗೆ ಸುರಿದ ಆ ದೊಡ್ಡ ಮಳೆ ಯಾರೂ ಮರೆತಿರಲಿಕ್ಕಿಲ್ಲ. ನಮ್ಮ ಶೇಂಗಾ ಕಿತ್ತು ಗುಡ್ಡೆ ಹಾಕಿದ್ದೆವು. ಎರಡು ದಿನ ಬಿಸಿಲು ಬಿದ್ದ ಕೂಡಲೇ ಅವಸರ ಮಾಡಿ ಚೀಲ ತುಂಬಿ ಪರಶಿಯ ಮೇಲೆ ನೇರ ಒಟ್ಟಿದೆ. ನಮ್ಮ ಶಹಾಬಾದ ಪರಶಿ ಬೇಸಿಗೆಗೆ ತಂಪು, ಮಳೆಗಾಲಕ್ಕೆ ಬೆವರುತ್ತದೆ. ಎರಡು ತಿಂಗಳಿಗೆ ಕೆಳಗಿನ ಚೀಲ ಬಿಚ್ಚಿದರೆ ಹಸಿರು ಧೂಳು ಎದ್ದಿತು. ಬಿಸಾಡಲು ಮನಸ್ಸು ಬರಲಿಲ್ಲ. "ಹುರದ್ರ ಏನೂ ಆಗಂಗಿಲ್ಲ ತಗೋ" ಅಂತ ಮನೆಯಲ್ಲಿ ಹಿಂಡಿ ಕುಟ್ಟಿದರು, ಮಕ್ಕಳೂ ತಿಂದವು. ಉಳಿದದ್ದು ಎಮ್ಮೆಗೆ. ಎಮ್ಮೆ ಕೆಲವು ದಿನದಲ್ಲಿ ಮೇವು ಬಿಟ್ಟಿತು, ಹಾಲು ಇಳಿಯಿತು. ಕಾರಣ ಅದೇ ಎಂದು ನಾನು ಖಚಿತವಾಗಿ ಹೇಳಲಾರೆ, ಪರೀಕ್ಷೆ ಮಾಡಿಸಲಿಲ್ಲ. ಮುಂದೆ ಒಂದು ತರಬೇತಿಯಲ್ಲಿ ಈ ಬೂಷ್ಟಿನ ಚಿತ್ರ ತೋರಿಸಿದಾಗ ನನ್ನ ಎದೆ ಧಸಕ್ಕೆಂದಿತು. ಮಕ್ಕಳಿಗೆ ಉಣ್ಣಿಸಿದ್ದು ನೆನಪಾಯಿತು. ಆ ತಪ್ಪು ನನ್ನದೇ.

ಅಲ್ಲಿಂದ ಮಾಡುತ್ತ ಬಂದದ್ದು ಇಷ್ಟು. ಕಿತ್ತ ಬಳ್ಳಿಯನ್ನು ಗುಡ್ಡೆ ಹಾಕದೆ ಕಾಯಿ ಮೇಲೆ ಬರುವಂತೆ ಮಗುಚಿ ಒಣಗಿಸುತ್ತೇವೆ. ಕಾಯಿ ಅಲ್ಲಾಡಿಸಿದರೆ ಗಿಲಗಿಲ ಅನ್ನಬೇಕು, ಕಾಳು ಉಜ್ಜಿದರೆ ಸಿಪ್ಪೆ ಬಿಡಬೇಕು, ಕಡಿದರೆ ಕಟ್ ಅನ್ನಬೇಕು. ಅಲ್ಲಿತನಕ ಚೀಲ ಮುಟ್ಟುವುದಿಲ್ಲ. ಪರಶಿಯ ಮೇಲೆ ಹಲಗೆ, ಇಲ್ಲವೆ ತೊಗರಿ ಕಟ್ಟಿಗೆ ಹಾಸಿ ಅದರ ಮೇಲೆ ಚೀಲ, ಗೋಡೆಗೆ ತಾಗಿಸದೆ ಒಂದು ಮೊಳ ದೂರ. ಸಿಪ್ಪೆ ಸಮೇತ ಇಡುವುದು, ಬೇಕಾದಾಗ ಒಡೆಯುವುದು. ಬಣ್ಣಗೆಟ್ಟ ಕಾಳು ಮನುಷ್ಯರಿಗೂ ಇಲ್ಲ, ಎಮ್ಮೆಗೂ ಇಲ್ಲ, ಕೋಳಿಗೂ ಇಲ್ಲ.

ಇತಿಹಾಸದ ಕೊನೆಯ ಸಂಗತಿ ನಮ್ಮ ಶಾಲೆಯದೇ. ೨೦೨೧ರ ಡಿಸೆಂಬರ್‌ನಲ್ಲಿ ಮಕ್ಕಳಲ್ಲಿ ಅಪೌಷ್ಟಿಕತೆ ಹೆಚ್ಚಿದೆ ಎಂದು ನಮ್ಮ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ, ಬಾಳೆಹಣ್ಣು ಕೊಡಲು ಆರಂಭಿಸಿದರು. ಮರು ವರ್ಷ ಇಡೀ ರಾಜ್ಯಕ್ಕೆ ವಿಸ್ತರಿಸುವಾಗ ಮೊಟ್ಟೆ ತಿನ್ನದವರಿಗೆ ಶೇಂಗಾ ಚಿಕ್ಕಿಯೂ ಸೇರಿತು. ೨೦೨೪-೨೫ನೆಯ ಶಾಲಾ ವರ್ಷದಲ್ಲಿ ಆ ಚಿಕ್ಕಿಯನ್ನು ನಿಲ್ಲಿಸಿಬಿಟ್ಟರು. ಅವಧಿ ಮುಗಿದ ದಾಸ್ತಾನು, ಶುಚಿತ್ವದ ಕೊರತೆ, ಸಕ್ಕರೆ ಜಾಸ್ತಿ ಎಂಬುದು ದೂರು. ಇಟ್ಟ ರೀತಿಯಿಂದ ಮಾಲು ಕೆಟ್ಟರೂ ಹೆಸರು ಕೆಟ್ಟದ್ದು ಮಾತ್ರ ಶೇಂಗಾದ್ದು. ಚಿಂಚೋಳಿ ಮಸಾರಿಯಲ್ಲಿ ಬೆಳೆದ ಕಾಳು, ಊರಲ್ಲೇ ಹುರಿದು ಬೆಲ್ಲ ಹಾಕಿ ಕಟ್ಟಿದ ಉಂಡೆ ವಾರದೊಳಗೆ ಮಕ್ಕಳ ಕೈಗೆ ಹೋಗುವಂತಿದ್ದರೆ ದಾಸ್ತಾನಿನ ಮಾತೇ ಬರುತ್ತಿದ್ದಿಲ್ಲ.

ಮುಂದಿನ ಸರ್ವಸಾಧಾರಣ ಸಭೆಯಲ್ಲಿ ನಾನು ಒಂದು ವಿಷಯ ಇಡುವವನಿದ್ದೇನೆ. ಸಂಘದಿಂದ ಕೆಲವು ತಾಡಪಾಲು ಕೊಂಡು ರಾಶಿ ಕಾಲಕ್ಕೆ ಬಾಡಿಗೆಗೆ ಕೊಡುವುದು, ಗೋದಾಮಿನ ಪರಶಿಯ ಮೇಲೆ ಕಟ್ಟಿಗೆಯ ಹಲಗೆ ಹಾಕಿಸುವುದು, ಕಾಳಿನ ಹಸಿ ಅಳೆಯುವ ಯಂತ್ರ ಒಂದನ್ನು ತರುವುದು. ಖರ್ಚಿನ ಅಂದಾಜು ಕಾರ್ಯದರ್ಶಿಯವರ ಹತ್ತಿರ ಕೊಟ್ಟಿದ್ದೇನೆ. ಬೇಡ ಅನ್ನುವವರೂ ಬಂದು ಸಭೆಯಲ್ಲಿ ಮಾತಾಡಬೇಕೆಂದು ವಿನಂತಿ. ಹೋದ ವರ್ಷದ ರಾಶಿಯಲ್ಲಿ ನಮ್ಮ ಮನೆಯಾಕೆ ಅಡತಿಯ ಟೆಂಪೋ ಬರುವ ಮುಂಚೆಯೇ ದುಂಡು ಕಾಯಿಯ ಎರಡು ಚೀಲ ಒಳಗೆ ಎಳೆದಿಟ್ಟಳು. ನಾನು ಲೆಕ್ಕ ತಪ್ಪಿತೆಂದು ಕೂಗಾಡಿದೆ. ಅವು ಎಳ್ಳಮಾವಾಸ್ಯೆಯ ಹೋಳಿಗೆಗೂ, ದಿನದ ಹಿಂಡಿಗೂ, ಹುಡುಗರ ಉಂಡೆಗೂ ಆಗಿ, ಕಾರಹುಣ್ಣಿಮೆ ತನಕ ಬಂದವು.